ಅಣ್ಣನ ಗಿಟಾರಿಗೆ ಪಾಲಿಶ್

ನವೆಂಬರ್ ೧೪, ಗುರುವಾರ

ಅಣ್ಣನ ಗಿಟಾರು ರಿಪೇರಿಯಿಂದ ಬಂತು. ಕೊಡಲೇಬಾರದಿತ್ತು.

ನನ್ನ ಗೋಡೆಯ ಮೇಲಿನ ಹನ್ನೊಂದು ಗಿಟಾರುಗಳಲ್ಲಿ ಹತ್ತನ್ನು ನಾನೇ ಹುಡುಕಿ ಕೊಂಡಿದ್ದು. ಇದೊಂದನ್ನು ಮಾತ್ರ ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ತಂದುಕೊಟ್ಟರು. ಇಪ್ಪತ್ತಾರು ವರ್ಷ ಅವನ ಮುಂಗೈ ಉಜ್ಜಿ ಉಜ್ಜಿ ಅಂಚಿನ ಬಣ್ಣ ಹೋಗಿ ಬರಿ ಮರ ಕಾಣುತ್ತಿತ್ತು. ತಂತಿಗಳ ಕೆಳಗೆ ಉಗುರಿನ ಗೀರುಗಳಿದ್ದವು. ಉಳಿದವುಗಳ ಪಕ್ಕದಲ್ಲಿ ಮಂಕಾಗಿ ಕಾಣುತ್ತದೆಂದು ರಿಪೇರಿಯವನಿಗೆ ಕೊಟ್ಟೆ. ಹಳೆಯದಕ್ಕೆ ಕೈ ಹಚ್ಚಬೇಡಿ ಎಂದು ಊರಿಗೆಲ್ಲ ಹೇಳುವವನು ನಾನೇ.

ಇವತ್ತು ಪೆಟ್ಟಿಗೆ ತೆರೆದರೆ ಗೀರೂ ಇಲ್ಲ, ಸವೆದ ಜಾಗವೂ ಇಲ್ಲ. ಮುಖ ಕಾಣುವಷ್ಟು ಹೊಳಪು.

"ಇಲ್ಲಿ ಸವೆದಿತ್ತಲ್ಲಾ?" ಎಂದೆ.

"ಅದಕ್ಕೇ ಅಲ್ವಾ ಸಾರ್ ಎರಡು ವಾರ ಹಿಡಿದಿದ್ದು! ಹೊಸದರ ಹಾಗೆ ಮಾಡು ಅಂದೋರು ನೀವೇ" ಎಂದು ರಿಪೇರಿಯವನು ನಕ್ಕ. ಅವನ ತಪ್ಪೇನೂ ಇಲ್ಲ.

ಸಂಜೆ ಅತ್ತಿಗೆ ಬಂದರು. ಆಗಲೇ ಗೋಡೆಗೆ ತೂಗುಹಾಕಿದ್ದೆ; ಅದನ್ನೇ ಕೆಳಗಿಳಿಸಿ, ಅಂಚಿನ ಮೇಲೆ ಕೈಯಾಡಿಸಿ, ಮತ್ತೆ ತೂಗುಹಾಕಿದರು.

"ಮತ್ತೊಂದು ತಗೊಂಡ್ಯೇನಪ್ಪಾ? ಮಲಗೋಕಾದ್ರೂ ಜಾಗ ಉಳಿಸ್ಕೋ. ಅವರದೆಲ್ಲಿ?"

"ರಿಪೇರಿಗೆ ಹೋಗಿದೆ" ಎಂದುಬಿಟ್ಟೆ.

"ಜಾಸ್ತಿ ಏನೂ ಮಾಡಿಸ್ಬೇಡ. ಅವರು ಕೈ ಇಡ್ತಿದ್ದ ಜಾಗ ಹಾಗೇ ಇರ್ಲಿ. ಅದನ್ನ ಮುಟ್ಟಿ ಹೋಗೋಣ ಅಂತ್ಲೇ ಬಂದೆ."

ಭಾನುವಾರ ಮತ್ತೆ ಬರುತ್ತಾರಂತೆ. ಹೇಳಿಬಿಡಬೇಕು. ಫೋನಿನಲ್ಲಿ ಬೇಡ, ಎದುರಿಗೇ ಹೇಳಬೇಕು. ಹೇಗೆ ಶುರು ಮಾಡುವುದೋ ತಿಳಿಯುತ್ತಿಲ್ಲ. "ಅತ್ತಿಗೆ, ಅವತ್ತು ನೀವು ಮುಟ್ಟಿದ್ದು..."