ಬೇಡವೆಂದವರು ಯಾರೂ ಇಲ್ಲ

ಡೊಂಬಿವಲಿ
ಭಾನುವಾರ, ಸೆಪ್ಟೆಂಬರ್ ೨೮

ಪ್ರೀತಿಯ ಅವ್ವಾ,

ಮೊಣಕಾಲು ನೋವು ಹೇಗಿದೆ? ಜಮಖಂಡಿಯ ಸೆಕೆಯಲ್ಲಿ ನಿದ್ದೆ ಬರುತ್ತಿದೆಯೇ? ಫೋನು ಮಾಡಿದರೆ ಚಿಗವ್ವ ಸ್ಪೀಕರ್ ಹಾಕುತ್ತಾಳೆ, ನೀನು "ಎಲ್ಲಾ ಆರಾಮ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟವಳ ಅಕ್ಷರ, ತಾಳಿಕೊಂಡು ಓದು. ನಾನು ಊಟ ಮಾಡುತ್ತಿದ್ದೇನೆ. ತುಳಸಿಗೂ ನೀರು ಹಾಕುತ್ತಿದ್ದೇನೆ, ಒಂದು ದಿನ ಮರೆತೆ.

ನೀನು ಇಲ್ಲಿನ ಥಾಣೆಯ ಕೆಲಸವನ್ನೇ ಬಿಟ್ಟು ಅಲ್ಲೇ ಇದ್ದುಬಿಡುವ ಮಾತಾಡಿದೆಯಂತೆ. ಕಾರಣ ನನಗೆ ಗೊತ್ತು. ಅಪ್ಪ ತೀರಿಕೊಂಡ ಮೇಲೆ ಇದು ಮೊದಲ ನವರಾತ್ರಿ. ಪ್ರತಿವರ್ಷ ಬೆಳಗಿನ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನೀನೂ ನಿನ್ನ ಗೆಳತಿಯರೂ ದಿನಕ್ಕೊಂದು ಬಣ್ಣದ ಸೀರೆ ಉಟ್ಟು, ದಸರೆಗೆ ಬೋಗಿಯಲ್ಲೇ ಅರಿಶಿನ ಕುಂಕುಮ ಹಂಚುತ್ತೀರಿ. ಈ ಸಲ ಬಣ್ಣಗಳ ಪಟ್ಟಿ ಕಳಿಸಲು ಅವರು ನೀನಿಲ್ಲದ ಹೊಸ ವಾಟ್ಸಾಪ್ ಗ್ರೂಪ್ ಮಾಡಿದರು. ಅದು ತಿಳಿದದ್ದೇ ನೀನು, "ಅವರಿಗ್ಯಾಕ ಮುಜುಗರ" ಎಂದು ಅಮಾವಾಸ್ಯೆಗೇ ರೈಲು ಹತ್ತಿದೆ.

ನಾನು ಸುಮ್ಮನಿರುವವಳೇ? ಗುರುವಾರ ಹಳದಿ ದಿನ. ಬೇಕೆಂದೇ ಕಪ್ಪು ಕುರ್ತಾ ಹಾಕಿಕೊಂಡು ಅದೇ ಲೋಕಲ್ ಹತ್ತಿ ಅವರ ನಡುವೆ ಹೋಗಿ ಕುಳಿತೆ. ಸುಲೋಚನಾ ಆಂಟಿ ತಮ್ಮ ಹಳದಿ ಶಾಲು ನನ್ನ ಹೆಗಲಿಗೆ ಹಾಕಿದರು, "ಹೊದ್ದುಕೋ ಮಗಾ, ಫೋಟೋ ಉಂಟು." ತೆಗೆದು ಮಡಿಲಿಗಿಟ್ಟೆ. ಫೋಟೋದಲ್ಲಿ ನನ್ನ ಮೊಣಕೈ ಮಾತ್ರ ಬಂದಿದೆ.

ಆಮೇಲೆ ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕೇಳಿದೆ, ಅವ್ವನನ್ನು ಬೇಡವೆಂದವರು ಯಾರು ಎಂದು. ಸುಲೋಚನಾ ಆಂಟಿ, "ನನಗೆಂಥದೂ ಇಲ್ಲ ಮಾರಾಯ್ತಿ, ಪುಷ್ಪಾವತಿಗೆ ಹೇಗಾಗ್ತದೋ ಅಂತ." ಪುಷ್ಪಾವತಿ ಆಂಟಿ, "ನಂದೇನೈತವಾ, ಸಣ್ಣ ಹುಡುಗ್ಯಾರು ಏನಂತಾರೋ ಅಂತ ಸುಮ್ಮನಿದ್ದೆ." ಸಣ್ಣ ಹುಡುಗಿ ಎಂದರೆ ಪ್ರಣೀತಾ. ಅವಳು ಇಯರ್‌ಫೋನ್ ತೆಗೆದು, "ಮೇರೆಕೋ ಕ್ಯಾ? ಆಂಟಿಲೋಗ್ ಕೋ ಪೂಛ್ ನಾ" ಎಂದಳು, ನನಗೇನು, ಆಂಟಿಯರನ್ನೇ ಕೇಳು ಅಂತ.

ಅವ್ವಾ, ನನಗೆ ಸಿಟ್ಟು ಬರಲಿಲ್ಲ, ಬೇಜಾರಾಯಿತು. ಒಬ್ಬಳಾದರೂ "ಹೌದು, ನಾನೇ ಬೇಡವೆಂದೆ" ಎಂದಿದ್ದರೆ ಜಗಳ ತೆಗೆಯಬಹುದಿತ್ತು. ಯಾರ ಜೊತೆ ಜಗಳವಾಡಲಿ? ಪ್ರತಿಯೊಬ್ಬಳೂ ಪಕ್ಕದವಳಿಗೆ ಹೆದರಿದ್ದಾಳೆ, ಆ ಪಕ್ಕದವಳು ಇವಳಿಗೆ. ಹಾಗಾದರೆ ನಿನಗೊಂದು ಫೋನು ಮಾಡಿ ಎಂದೆ. ಎಲ್ಲರೂ ಆಗಲಿ ಎಂದು ತಲೆಯಾಡಿಸಿದರು. ಯಾರೂ ಮಾಡಿಲ್ಲ, ಮಾಡಿದ್ದರೆ ನೀನು ಹೇಳುತ್ತಿದ್ದೆ. ಶಾಲೆ ಬಿಟ್ಟಾಗ ನೀನು ನನಗೆ "ನಾಕು ಮಂದಿ ಹೆಂಗ ಹೋಗ್ತಾರ, ಹಂಗ ಹೋಗಬೇಕವಾ" ಎಂದಿದ್ದೆ. ಆ ಮಂದಿ ಯಾರೆಂದು ಆಗ ಕೇಳಲು ತಿಳಿಯಲಿಲ್ಲ. ಈಗ ನೋಡಿದೆ. ಒಳ್ಳೆಯವರೇ. ನನಗೆ ತಿನ್ನಲು ಚಕ್ಕುಲಿಯನ್ನೂ ಕೊಟ್ಟರು.

ಕೆಲಸ ಬಿಡಬೇಡ. ರಜೆ ಮುಗಿಯುವುದರೊಳಗೆ ಬಾ. ಮನೆ ನನ್ನೊಬ್ಬಳಿಗೆ ದೊಡ್ಡದಾಗಿದೆ, ಒಂದೇ ಖೋಲಿಯಾದರೂ. ಚಿಗವ್ವನಿಗೆ ನಮಸ್ಕಾರ ಹೇಳು, ಈ ಕಾಗದ ಅವಳ ಕೈಗೆ ಕೊಡಬೇಡ.

ನಿನ್ನ ಹಟಮಾರಿ,
ಮಯೂರಿ

ತಾ.ಕ.: ಬರೆಯಲೋ ಬೇಡವೋ ಎಂದು ಇದನ್ನು ಕೊನೆಗೆ ಉಳಿಸಿಕೊಂಡೆ. ನಿನ್ನೆ ಥಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಕಾಂಚನಾ ಕಾಕು ಸಿಕ್ಕರು. ಮೊದಲು ನಿಮ್ಮ ಜೊತೆಯೇ ಬರುತ್ತಿದ್ದರಲ್ಲ, ಈಗ ಹಿಂದಿನ ಡಬ್ಬಿಯಲ್ಲಿ ಬರುತ್ತಾರೆ. "ನೀಲಗಂಗಾ ಹೆಂಗದಾಳವಾ? ಹೊಟ್ಟಿತುಂಬ ಉಣ್ತಾಳಿಲ್ಲೋ? ನಮ್ಮ ಡಬ್ಬಿಗೆ ಬಾ ಅನ್ನು, ಜಾಗಾ ಹಿಡೀತೀನಿ" ಎಂದರು. ನಿನ್ನನ್ನು ತಾವಾಗಿಯೇ ವಿಚಾರಿಸಿದವರು ಅವರೊಬ್ಬರೇ. ಅವರ ಯಜಮಾನರು ತೀರಿಕೊಂಡ ವರ್ಷ, ದಸರೆಯ ದಿನ, ಕುಂಕುಮದ ಬಟ್ಟಲು ನಿನ್ನ ಕೈಯಲ್ಲಿತ್ತಂತೆ, ನೀನು ಅವರನ್ನು ದಾಟಿ ಮುಂದಿನವರಿಗೆ ಹಚ್ಚಿದೆಯಂತೆ. ಇದನ್ನು ಹೇಳಿದ್ದು ಪುಷ್ಪಾವತಿ ಆಂಟಿ. ಕಾಕು ಆ ಮಾತೇ ಎತ್ತಲಿಲ್ಲ. ನೀನು ಎತ್ತಬೇಕು ಅವ್ವಾ. ಅವರ ನಂಬರು ಈ ಹಾಳೆಯ ಹಿಂದೆ ಬರೆದಿದ್ದೇನೆ.