ರೆಕ್ಕೆಯ ಗಾಳಿ

೧೨ ಜನವರಿ ೧೯೮೧
ಇವತ್ತೂ ಇಂಜೆಕ್ಷನ್. ಕೂರಲು ಆಗುತ್ತಿಲ್ಲ. ಕಫದಲ್ಲಿ ಕ್ರಿಮಿ ಸಿಕ್ಕೇ ಇಲ್ಲ, ಆದರೂ ಎಕ್ಸ್‌ರೇಯಲ್ಲಿ ಕಲೆ ಇದೆಯಂತೆ, ಹಾಗಾಗಿ ಟಿ.ಬಿ.ಯೇ ಅಂತೆ! ಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ "ರೆಸ್ಟ್ ತಗೊಳ್ಳಿ ಮೇಡಂ" ಎಂದು ನಗುನಗುತ್ತಾ ರಜೆ ಬರೆಸಿಕೊಂಡರು. ಸ್ಟಾಫ್‌ರೂಮಿನಿಂದ ನನ್ನ ಲೋಟ ಮಾಯ.

೨೦ ಜನವರಿ
ಮನೆ ಓನರ್ ದೊಡ್ಡಮುನಿಯಮ್ಮ ಬಂದಿದ್ದರು, ಯಶವಂತಪುರದ ಹಳಬರು. "ಪಾರಿವಾಳದ ರೆಕ್ಕೆ ಗಾಳಿ ಎದೆಗೆ ಒಳ್ಳೇದು ಕಣವ್ವ. ಮನೇಲೇ ಔಸ್ತಿ ಮಡೀಕಂಡು ಇಂಗ್ಯಾಕೆ ಅಲೀತೀಯ?" ನಮ್ಮ ಯಜಮಾನರಿಗೆ ಅಷ್ಟೇ ಸಾಕಿತ್ತು. ಫ್ಯಾಕ್ಟರಿಯಿಂದ ಬಂದವರೇ ನನ್ನ ಮಂಚವನ್ನು ತಾರಸಿ ರೂಮಿಗೆ ಏರಿಸಿದರು, ಇವರ ಪಾರಿವಾಳದ ಗೂಡಿನ ಪಕ್ಕಕ್ಕೇ. "ನೋಡ್ತಿರು ನೀಲಾ, ಹೆಂಗ ಆರಾಮ ಆಗ್ತೀ." ಮದುವೆಯಾದ ಮೇಲೆ ಇಷ್ಟು ಉಪಚಾರ ಇದೇ ಮೊದಲು. ಖುಷಿಯಾಯಿತು, ಸುಳ್ಳೇಕೆ.

೧೧ ಫೆಬ್ರವರಿ
ಜ್ವರ. ಮೆಟ್ಟಿಲಿಳಿದರೆ ಏದುಸಿರು. ಇವರು ಗೂಡು ಗುಡಿಸಿದಾಗ ಬಿಳಿ ಪುಡಿ ದಿಂಬಿನ ಮೇಲೆಲ್ಲ. ಕಿಟಕಿ ಮುಚ್ಚಿದರೆ ಬೈಗುಳ — "ಗಾಳಿ ಬರ್ಲಿ ಬಿಡು!"

೨ ಏಪ್ರಿಲ್
ಗದಗದಿಂದ ವಾಪಸ್. ಅವ್ವನ ಮನೆಯಲ್ಲಿ ತಿಂಗಳಿಡೀ ಆರಾಮವಾಗಿದ್ದೆ, ಬಾವಿಯಿಂದ ನೀರೂ ಸೇದಿದೆ. ಇಲ್ಲಿಗೆ ಬಂದ ಸಂಜೆಗೇ ಎದೆ ಕಟ್ಟಿತು. "ತವರಿನ ಹವಾ," ಎಂದು ಇವರು ನಕ್ಕರು. ನಗು ಬೇರೆ ಕೇಡು.

೧೬ ಜೂನ್
ಹೊಸ ಡಾಕ್ಟರು. ಗದಗದಲ್ಲಿ ಕೆಮ್ಮು ನಿಂತಿತ್ತು ಎಂದೆ. ತಲೆ ಎತ್ತಿದರು.
"ಮನೇಲಿ ಹಕ್ಕಿ ಸಾಕಿದೀರಾ?"
ಇವರು ಎದೆಯುಬ್ಬಿಸಿ, "ಪಾರಿವಾಳ ಅದಾವ್ರೀ ಸರ್. ರೇಸಿನವು."
"ಟಿ.ಬಿ. ಅಲ್ಲ ಕಣ್ರೀ ಇದು. ಹಿಕ್ಕೆ, ಗರಿ ಧೂಳು ಸೇರಿ ಶ್ವಾಸಕೋಶ ಗಟ್ಟಿಯಾಗ್ತಿದೆ. ಹಾರ್ಟ್‌ಗೂ ಭಾರ ಬಿದ್ದಿದೆ. ಹೋಗಿರೋದು ವಾಪಸ್ ಬರಲ್ಲ. ಉಳಿದಿರೋದು ಉಳೀಬೇಕಾದ್ರೆ ಪಾರಿವಾಳ ಮನೇಲಿ ಇರಕೂಡದು."
ಅಷ್ಟು ಇಂಜೆಕ್ಷನ್ ಚುಚ್ಚಿಸಿಕೊಂಡದ್ದು ಯಾವ ಕರ್ಮಕ್ಕೆ? ಬಸ್ಸಿನಲ್ಲಿ ಇವರನ್ನು ಬೈಯಬೇಕೆನಿಸಿತು. ಬೈಯಲು ಉಸಿರು ಬೇಕಲ್ಲ.

೧೮ ಜೂನ್
ಪಾರಿವಾಳಗಳನ್ನು ಬುಟ್ಟಿಗೆ ತುಂಬಿ ಯಲಹಂಕದ ಗೆಳೆಯ ವಹಾಬ್‌ಗೆ ಕೊಟ್ಟು ಬಂದರು. ಬಂದು ಅತ್ತರು. ನನ್ನ ಕಾಯಿಲೆಗೆ ಒಂದು ಹನಿ ಕಂಡಿರಲಿಲ್ಲ! ವಹಾಬ್ ಹೇಳಿದನಂತೆ: "ಕೂಡಿ ಹಾಕಿರ್ತೀನಿ ಭಾಯ್. ಬಿಟ್ರೆ ಸೀದಾ ನಿಮ್ಮನೇಗೇ ಬರ್ತವೆ."
ಗೂಡು ತೊಳೆಸಿದೆ. ಮಂಚ ಕೆಳಗೆ ಬಂತು. ಹಕ್ಕಿಗಳ ಜೋಳದ ಡಬ್ಬ ಮಾತ್ರ ಬಿಸಾಡಲು ಬಿಡಲಿಲ್ಲ. "ರೊಟ್ಟಿಗೆ ಆಗ್ತದ, ಇರ್ಲಿ."

೩ ಜುಲೈ, ಬೆಳಿಗ್ಗೆ
ಎರಡು ವಾರದಿಂದ ರಾತ್ರಿ ಪೂರ್ತಿ ನಿದ್ದೆ. ನಿನ್ನೆ ನಾನೇ ಹಾಲು ತಂದೆ. ಸ್ಕೂಲಿಗೆ ಕಾಗದ ಬರೆಯಬೇಕು, ಸೋಮವಾರದಿಂದ...

ತಾರಸಿಯ ಮೇಲೆ ರೆಕ್ಕೆ ಸದ್ದು.

ವಹಾಬ್ ಬಿಟ್ಟನೋ, ತಪ್ಪಿಸಿಕೊಂಡವೋ. ಇವರು ಹಾಸಿಗೆಯಿಂದ ನೆಗೆದರು. ಓಡಿಸಲು ಹೋದರೆಂದೇ ತಿಳಿದೆ.

ಅಡುಗೆಮನೆಯಲ್ಲಿ ಡಬ್ಬದ ಮುಚ್ಚಳ ತೆಗೆದ ಸದ್ದು. ಈಗ ಮೆಟ್ಟಿಲ ಮೇಲೆ ಕಾಲು. "ಬಾ... ಬಾ... ಬಾ..." ಎಷ್ಟು ಮೆತ್ತಗೆ ಕರೆಯುತ್ತಿದ್ದಾರೆ! ನನ್ನನ್ನು ಒಂದು ದಿನವಾದರೂ ಹೀಗೆ —