ಜೋಡಿ ಒಳಗಿದೆ

ಜೂನ್ ೩, ಮಂಗಳವಾರ. ಬೆಳಿಗ್ಗೆ ೭

ಈ ಊರಿನ ಅರ್ಧ ಜನ ನಡೆದಾಡುತ್ತಿರುವುದು ನನ್ನಿಂದ. ಉಳಿದರ್ಧ ಕುಂಟುತ್ತಿರುವುದು ನನ್ನ ಮಾತು ಕೇಳದೆ ಎದುರಿನ ಅಂಗಡಿಗೆ ಹೋದದ್ದರಿಂದ. ಶೂ ಅಂಗಡಿಯ ಸೇಲ್ಸ್‌ಮನ್ ನಾನು; ಇಪ್ಪತ್ತೆಂಟು ವರ್ಷದಲ್ಲಿ ಒಬ್ಬನೇ ಒಬ್ಬ ಗಿರಾಕಿ ನನ್ನ ಕೈಯಿಂದ ಜಾರಿಲ್ಲ. ಮುಖ ನೋಡುವುದಿಲ್ಲ ನಾನು, ಹಿಮ್ಮಡಿ ನೋಡಿ ಜಾತಕ ಹೇಳುತ್ತೇನೆ. ಹಳ್ಳಿ ಸ್ಕೂಲಿನ ಏಳನೇ ಕ್ಲಾಸಿಗೆ ಇಷ್ಟು ವಿದ್ಯೆ ಸಾಲದೆ?

ಎಂಟೂವರೆಗೆ ಅಂಗಡಿ. ಯಾವತ್ತಿನಂತೆ ಮೊದಲು ರ‍್ಯಾಕಿನ ಶೂಗಳ ಧೂಳು ಒರೆಸಬೇಕು. ರ‍್ಯಾಕಿನಲ್ಲಿ ಎಲ್ಲವೂ ಒಂಟಿ. ಒಂದು ಕಾಲಿನದು ಮಾತ್ರ ಹೊರಗಿಡುತ್ತೇವೆ — ಒಂಟಿ ಶೂ ಕದ್ದು ಕಳ್ಳ ಏನು ಮಾಡಿಯಾನು? ಗಿರಾಕಿ ಕೇಳಿದರೆ, ‘ಜೋಡಿ ಒಳಗಿದೆ.’ ದಿನಕ್ಕೆ ಇನ್ನೂರು ಸಲ ಹೇಳುತ್ತೇನೆ. ನಿದ್ದೆಯಲ್ಲೂ ಹೇಳುತ್ತೇನಂತೆ.

ಅಕ್ಕನ ಮಗಳು ಚಿನಕುರಳಿ — ಬಾಯಿ ಮುಚ್ಚದ್ದಕ್ಕೆ ನಾನಿಟ್ಟ ಹೆಸರು — ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ನೋಟ್‌ಬುಕ್ ಹಿಡಿದು ಬರುತ್ತಾಳಂತೆ. ಜನರ ಜೊತೆಗಿರುವ ಕೆಲಸವೇ ಬೇಕಂತೆ, ಯಾವುದೆಂದು ಮಾವನನ್ನು ಕೇಳಬೇಕಂತೆ. ಮನಸ್ಸು ಮಾತ್ರ ಆಗಲೇ ಒಂದು ಕಡೆ ವಾಲಿದೆ: ಕೃತಕ ಕಾಲು ಕೂರಿಸುವ ಕೋರ್ಸು. ಸೀಟೂ ಸಿಕ್ಕಿದೆ. ಫೀಸಿಗೆ ಕಡೇ ದಿನ ಮೂವತ್ತು.

ಆ ಫೀಸು ನನ್ನ ಟ್ರಂಕಿನಲ್ಲಿದೆ. ಬಾವ ಹೋದ ಮೇಲೆ ಅಕ್ಕ ಹೊಲಿಗೆ ಹೊಲಿದು ಕೂಡಿಟ್ಟ ಕವರು. ಬಾಯಿ ಬಿಟ್ಟು ಇಸಿದುಕೊಂಡದ್ದು ನಾನೇ. “ಆ ಕಾಲೇಜಿನ ಸೂಪರಿಂಟೆಂಡೆಂಟು ನನ್ನ ಖಾಯಂ ಗಿರಾಕಿ ಅಕ್ಕ. ನಾನು ಹೋಗಿ ನಿಂತ್ರೆ ಕಾಲು ಭಾಗ ಬಿಟ್ಟೇ ಬಿಡ್ತಾರೆ” ಎಂದಿದ್ದೆ. ಒಮ್ಮೆ ಬಂದಿದ್ದರು ಆ ಮನುಷ್ಯ. ಸಾಕ್ಸು ಕೊಂಡರು.

ಜೂನ್ ೭, ಶನಿವಾರ. ಮಧ್ಯಾಹ್ನ

ಕಿಸಿಹಲ್ಲ ಸಿಕ್ಕಿದ್ದ. ಹತ್ತು ವರ್ಷದ ಹಿಂದೆ ನನ್ನ ಕೈಕೆಳಗೆ ಪಳಗಿದವನು, ಈಗ ಲಾಟು ಮಾಲಿನ ವ್ಯಾಪಾರ, ಉಳಿದ ಸರಕನ್ನು ಒಟ್ಟಿಗೆ ಎತ್ತಿ ಮಾರುವುದು. ಯಾವುದೋ ದೊಡ್ಡ ಅಂಗಡಿ ಮುಚ್ಚಿದೆಯಂತೆ, ಲೆದರ್ ಶೂ, ಐದರಲ್ಲೊಂದು ಬೆಲೆ. ಒಂದನ್ನು ಕೈಗಿಟ್ಟ. ಬಗ್ಗಿಸಿ ನೋಡಿದೆ. ಮೂಸಿದೆ. ಅಟ್ಟೆಗೆ ಬೆರಳಲ್ಲಿ ಬಡಿದೆ. ಚಿನ್ನದಂಥ ಮಾಲು.

“ಅಣ್ಣಾ, ನಿಮ್ಮ ಕಣ್ಣಿಗೆ ಮಣ್ಣು ಎರಚೋಕೆ ನಮ್ಮಪ್ಪನ ಕೈಲೂ ಆಗಲ್ಲ. ನೀವೇ ನೋಡಿ ರೇಟು ಹೇಳಿ” ಅಂದ.

ಹೇಳಿದೆ. ಅರ್ಧ ಗಂಟೆ ಜಗ್ಗಾಡಿ ಇನ್ನೂ ಇಳಿಸಿದೆ. ಅವನ ಮುಖ ಸಣ್ಣಗಾಗಿತ್ತು, ಪಾಪ.

ಮೂವತ್ತನೇ ತಾರೀಕಿಗೆ ಇನ್ನೂ ಮೂರು ವಾರ. ಹತ್ತು ದಿನದಲ್ಲಿ ದುಪ್ಪಟ್ಟು. ಅಕ್ಕನ ಕವರಿಗೆ ಅದರದು ಅದಕ್ಕೆ, ಮಿಕ್ಕಿದ್ದು ನನಗೆ. ಕವರಿನಿಂದ ಸ್ವಲ್ಪವೇ ತೆಗೆದೆ.

ಜೂನ್ ೯, ಸೋಮವಾರ

ಡಬ್ಬಗಳು ಬಂದವು. ಬಿಚ್ಚಿದೆ.

ಎಲ್ಲವೂ ಎಡಗಾಲಿನವು.

ಜೂನ್ ೧೩, ಶುಕ್ರವಾರ. ಬೆಳಿಗ್ಗೆ

ಮೂರು ದಿನ ಬರೆಯಲಾಗಲಿಲ್ಲ. ನೂರಾ ನಲವತ್ತೆಂಟು ಡಬ್ಬ, ಡಬ್ಬಕ್ಕೊಂದು. ಅಂಗಡಿಗಳಿಗೆ ತೋರಿಸಲು ಕಂಪನಿ ಏಜೆಂಟರು ಹೊತ್ತು ತಿರುಗುವ ಸ್ಯಾಂಪಲ್ಲು. ಸ್ಯಾಂಪಲ್ಲಿಗೆ ಜೋಡಿ ಇರುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೆ? ಎಡಗಾಲಿನದು ಕೈಯಲ್ಲಿತ್ತು, ಬಲಗಾಲಿನದು ಎಲ್ಲಿ ಎಂದು ಕೇಳಬೇಕೆಂದೇ ತೋಚಲಿಲ್ಲ. ಬೇರೆ ಯಾವ ಕಸುಬಿನವನಾದರೂ ಕೇಳುತ್ತಿದ್ದ. ಹೂ ಮಾರುವವಳು ಕೇಳುತ್ತಿದ್ದಳು. ಒಂಟಿ ಶೂ ನೋಡಿ ಒಂಟಿ ಶೂ ತೋರಿಸಿ ಬೆಳೆದವನು ನಾನು. ಒಂದು ಕಂಡರೆ ಇನ್ನೊಂದು ಇದ್ದೇ ಇರುತ್ತದೆ ನನ್ನ ಪಾಲಿಗೆ.

ಕಿಸಿಹಲ್ಲನಿಗೆ ಫೋನು ಮಾಡಿದ್ದೆ.

“ಜೋಡಿ ಎಲ್ಲೋ?”

“ಜೋಡಿ ಒಳಗಿದೆ ಅಣ್ಣಾ” ಎಂದು ನಕ್ಕು ಇಟ್ಟುಬಿಟ್ಟ. ಆಮೇಲೆ ಸ್ವಿಚ್ ಆಫ್.

ಈ ಮಾತು ಅವನಿಗೆ ಕಲಿಸಿದವನೇ ನಾನು. ಹೋದದ್ದು ಹೆಚ್ಚೇನಲ್ಲ... ಹತ್ತು ಸಾವಿರದಷ್ಟು. ಹಿಡಿಸಿದಷ್ಟು ಡಬ್ಬ ಮಂಚದ ಕೆಳಗೆ, ಮಿಕ್ಕಿದ್ದು ಅಟ್ಟದ ಮೇಲೆ. ಮೇಲೊಂದು ಬೆಡ್‌ಶೀಟು.

ಜೂನ್ ೧೫, ಭಾನುವಾರ. ಮಧ್ಯಾಹ್ನ ೩

ಚಿನಕುರಳಿ ಈಗ ತಾನೇ ಹೋದಳು.

ಅದೇ ಮಂಚದ ಮೇಲೆ ಚಕ್ಕಳ ಮಕ್ಕಳ ಹಾಕಿ ಕುಳಿತು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಳು. ಅಡ್ಡಕ್ಕೆ ಸಂಬಳ, ಟೆನ್ಷನ್ನು, ತೃಪ್ತಿ. ಉದ್ದಕ್ಕೆ ಕಾಲಿನ ಕೋರ್ಸು, ಆಸ್ಪತ್ರೆಯ ರಿಸೆಪ್ಷನ್ನು. ರಿಸೆಪ್ಷನ್ನಿಗೆ ಕೋರ್ಸಿಲ್ಲ ಫೀಸಿಲ್ಲ, ನಾಳೆಯಿಂದಲೇ ಬಾ ಅಂದಿದ್ದಾರಂತೆ.

“ಹತ್ತಕ್ಕೆ ಮಾರ್ಕ್ಸು ಹಾಕು ಮಾವ. ಜನಗಳ ಜೊತೆ ಏಗಿರೋನು ನಮ್ಮನೇಲಿ ನೀನೊಬ್ಬನೇ.”

ಫೀಸಿಲ್ಲ. ಆ ಮಾತೊಂದೇ ಕಿವಿಗೆ ಬಿದ್ದದ್ದು. ರಿಸೆಪ್ಷನ್ನಿಗೆ ಸಂಬಳ ಏಳು, ಟೆನ್ಷನ್ನು ಎರಡು, ತೃಪ್ತಿ ಎಂಟು. ಕಾಲಿನ ಕೋರ್ಸಿಗೆ ಸಂಬಳ ಮೂರು, ಟೆನ್ಷನ್ನು ಒಂಬತ್ತು, ತೃಪ್ತಿ ನಾಲ್ಕು.

“ತೃಪ್ತಿ ನಾಲ್ಕೇನಾ?”

“ಮತ್ತೇನು? ದಿನಾ ಬೆಳಗಾದ್ರೆ ಕಾಲಿಲ್ಲದೋರ ಮುಖ. ಅಳೋರು, ಬಯ್ಯೋರು. ಮೂರು ವರ್ಷ ಓದಿ ಬಂದ್ರೆ ಕೈಗೆ ಚಿಲ್ಲರೆ. ಅದೇ ರಿಸೆಪ್ಷನ್ನು ನೋಡು, ಏಸೀಲಿ ಕೂತು ನಕ್ಕೊಂಡಿರೋದು. ನಿನ್ನ ಬಾಯಿಗೆ ಹೇಳಿ ಮಾಡಿಸಿದ ಹಂಗಿದೆ.”

ಪೆನ್ನು ಕಚ್ಚುತ್ತ ಸುಮ್ಮನೆ ಕುಳಿತಳು. ಚಿನಕುರಳಿ ಸುಮ್ಮನಾದರೆ ಮನೆಯಲ್ಲಿ ಯಾರಿಗೋ ಜ್ವರ ಬಂದಂತೆ.

“ನಾನು ಐದನೇ ಕ್ಲಾಸಲ್ಲಿದ್ದಾಗ ನಿನ್ನ ಅಂಗಡಿಗೆ ಒಬ್ಬ ಅಜ್ಜಿ ಬಂದಿದ್ರಲ್ಲ? ಒಂದು ಕಾಲು ಗಿಡ್ಡ ಇತ್ತು.”

ನೆನಪಿದೆ. ಯಾರೂ ಅವರ ಕಾಲು ಮುಟ್ಟಿರಲಿಲ್ಲ. ಡಬ್ಬದ ರಟ್ಟು ಕತ್ತರಿಸಿ ಒಂದರ ಮೇಲೊಂದು ಅಂಟಿಸಿ ಒಳಗೆ ಹಾಕಿಕೊಟ್ಟಿದ್ದೆ. ಬಾಗಿಲಿನವರೆಗೆ ನೆಟ್ಟಗೆ ನಡೆದು ಹೋಗಿ, ವಾಪಸು ಬಂದು, ಮತ್ತೆ ಬಾಗಿಲಿಗೆ ಹೋಗಿದ್ದರು.

“ನೀನು ಅವರ ಕಾಲು ತೊಡೆ ಮೇಲೆ ಇಟ್ಕೊಂಡು ಕೂತಿದ್ದೆ. ಆವತ್ತೇ ನಂಗೆ ಇಂಥದ್ದೇ ಕೆಲಸ ಮಾಡ್ಬೇಕು ಅನ್ಸಿದ್ದು. ಆದ್ರೆ ನಾಲ್ಕೇ ಅಂತೀಯಲ್ಲ... ನಿನಗೆ ಗೊತ್ತಿರತ್ತೆ ಬಿಡು.” ಆಮೇಲೆ ಅಡಿಯಲ್ಲಿ ಇನ್ನೊಂದು ಗೆರೆ ಎಳೆದಳು. “ನಿನ್ನ ಕೆಲಸಕ್ಕೂ ಹಾಕು, ನೋಡೋಣ.”

ಸಂಬಳ ಎಂಟು, ಟೆನ್ಷನ್ನು ಸೊನ್ನೆ, ತೃಪ್ತಿ ಹತ್ತು ಎಂದೆ. ಬರೆದುಕೊಂಡಳು. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡಳು.

ಜೂನ್ ೧೮, ಬುಧವಾರ. ಅಂಗಡಿಯಲ್ಲಿ, ಊಟದ ಹೊತ್ತು

ಅಕ್ಕ ಅಂಗಡಿಗೇ ಬಂದಳು. ಮೆಟ್ಟಿಲು ಹತ್ತುವಾಗ ಎಡ ಮೊಣಕಾಲಿಗೆ ಕೈ ಕೊಟ್ಟು ಹತ್ತಿದಳು.

“ಲೋ, ಅವಳು ಕೋರ್ಸು ಬೇಡ ಅಂತ ಕೂತವಳೆ. ರಿಸೆಪ್ಷನ್ನಿಗೇ ಹೋಗ್ತಾಳಂತೆ. ಮಾವ ಹೇಳಿದ್ಮೇಲೆ ಮುಗೀತು ಅಂತಾಳೆ.”

ಮನಸ್ಸು ಹಗುರಾಯಿತು. ಸತ್ಯ ಹೇಳುತ್ತೇನೆ, ಆಯಿತು. ಅಷ್ಟರಲ್ಲಿ ಅಕ್ಕ ಸೀರೆ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಹಂಗಾದ್ರೆ ಆ ಕವರು ಕೊಟ್ಬಿಡು. ಮಷಿನ್ನಿಗೆ ಮೋಟಾರು ಹಾಕಿಸ್ತೀನಿ. ತುಳಿದೂ ತುಳಿದೂ ಮಂಡಿ ಸತ್ತೋಯ್ತು ಕಣೋ” ಅಂದಳು.

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ! ಕೋರ್ಸು ತಪ್ಪಿಸಿದರೆ ಕವರೂ ಕೇಳುವವರಿಲ್ಲ ಎಂದುಕೊಂಡಿದ್ದೆ. ಇಂಗು ತಿಂದ ಮಂಗನಂತೆ ನಿಂತೆ.

“ಬ್ಯಾಂಕಲ್ಲಿ ಬಡ್ಡಿಗೆ ಇಟ್ಟಿದೀನಿ ಅಕ್ಕ. ಮೂವತ್ತಕ್ಕೆ ಬಿಡಿಸ್ತೀನಿ.”

“ನೀನಿದ್ದೀಯಲ್ಲ, ನಂಗೇನು ಯೋಚನೆ” ಅಂದು ಹೊರಟಳು. ಚಪ್ಪಲಿಯ ಹಿಮ್ಮಡಿ ಒಂದು ಕಡೆ ಪೂರ್ತಿ ಸವೆದಿತ್ತು. ಶೂ ಅಂಗಡಿಯವನ ಅಕ್ಕ.

ಹತ್ತು ಅಲ್ಲ ಹೋದದ್ದು. ಇಪ್ಪತ್ತೋ, ಮೂವತ್ತೋ ಇದ್ದೀತು.

ಜೂನ್ ೨೨, ಭಾನುವಾರ. ಬೆಳಿಗ್ಗೆ ೧೧

ಚಿನಕುರಳಿ ಬಂದಿದ್ದಳು. ಸೀಟು ಬೇಡ ಎಂದು ಹೇಳಲು ಕಾಲೇಜಿನದೇ ಆದ ಕಾಲು ಕೂರಿಸುವ ಕೇಂದ್ರಕ್ಕೆ ಹೋಗಿದ್ದಳಂತೆ. ಅಲ್ಲಿಯ ದೊಡ್ಡ ಮೇಡಂ, ‘ಬೇಡ ಅನ್ನೋದಕ್ಕೆ ಮುಂಚೆ ಅರ್ಧ ದಿನ ಇದ್ದು ನೋಡು’ ಅಂದರಂತೆ. ಇದ್ದು ಬಂದಿದ್ದಾಳೆ. ಬಾಯಿಗೆ ಬ್ರೇಕಿಲ್ಲ.

“ಒಬ್ರು ಲಾರಿ ಡ್ರೈವರ್ ಇದಾರೆ ಮಾವ. ಬಲಗಾಲು ಮಂಡಿ ಕೆಳಗೆ ಹೋಗಿದೆ. ಗಾಯ ಮಾಗಿ ಕೃತಕ ಕಾಲು ಹಾಕೋಕೆ ಇನ್ನೂ ಆರು ತಿಂಗಳು. ಅಲ್ಲೀವರೆಗೂ ಊರುಗೋಲು. ಅವರು ಏನು ಕೇಳಿದ್ರು ಗೊತ್ತಾ? ‘ಮೇಡಂ, ಒಂದು ಶೂ ಸಾಕು ನಂಗೆ, ಅರ್ಧ ದುಡ್ಡಿಗೆ ಯಾರಾದ್ರೂ ಕೊಡ್ತಾರಾ?’ ಎಲ್ರೂ ನಕ್ರು. ಅವರೂ ನಕ್ರು. ನಂಗೆ ನಗು ಬರ್ಲಿಲ್ಲ.”

ಬಲಗಾಲು ಹೋದವನಿಗೆ ಬೇಕಾದದ್ದು ಎಡಗಾಲಿನದು. ನಾನು ಕುಳಿತಿದ್ದ ಮಂಚದ ಕೆಳಗೆ ಇರುವುದೆಲ್ಲ ಎಡಗಾಲಿನವೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ನಾನು ಬೆಡ್‌ಶೀಟು ಇನ್ನಷ್ಟು ಕೆಳಕ್ಕೆ ಎಳೆದೆ.

“ಸೈಜೆಷ್ಟು?” ಬಾಯಿ ತಾನಾಗಿ ಕೇಳಿಬಿಟ್ಟಿತು.

“ಎಂಟು. ಯಾಕೆ?”

“ಸುಮ್ನೆ.”

ಹೊರಡುವಾಗ ಹೇಳಿದಳು, “ಟೆನ್ಷನ್ನು ಒಂಬತ್ತು ಅಂದ್ಯಲ್ಲ, ಅದು ನಿಜ. ಎದೆ ಕಿವುಚಿದ ಹಂಗಾಗತ್ತೆ. ತೃಪ್ತಿ ನಾಲ್ಕು ಮಾತ್ರ ತಪ್ಪು ಮಾವ. ನಾನು ಕೋರ್ಸಿಗೇ ಹೋಗ್ತೀನಿ. ಅಮ್ಮಂಗೂ ಹೇಳಿದೀನಿ, ಮೋಟಾರು ಆಮೇಲೆ ಆಗ್ಲಿ ಅಂದ್ಳು. ಫೀಸು ಕಟ್ಬಿಡ್ತೀಯಲ್ಲ?”

ಕಟ್ಟುತ್ತೇನೆ ಎಂದೆ.

ಜೂನ್ ೨೪, ಮಂಗಳವಾರ. ಸಂಜೆ ೫

ನನಗೆ ಹಲ್ಲುನೋವು ಎಂದು ಅಂಗಡಿ ಯಜಮಾನರಿಗೆ ಸುಳ್ಳು ಹೇಳಿ, ಎಂಟರ ಡಬ್ಬವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಕೇಂದ್ರಕ್ಕೆ ಹೋದೆ. ಉದ್ದನೆ ಕೋಣೆ, ಗೋಡೆಗೆ ಹಿಡಿಕೆಯ ಸರಳು, ಪ್ಲಾಸ್ಟರಿನ ವಾಸನೆ. ಡ್ರೈವರು ಬೆಂಚಿನ ಮೇಲಿದ್ದ; ಮೊನ್ನೆ ಅರ್ಧ ದಿನ ಇದ್ದು ಹೋದ ಹುಡುಗಿಯ ಮಾವ ಎಂದು ಹೇಳಿಕೊಂಡೆ. ಮಂಡಿಯೂರಿದೆ. ಕಾಲು ತೊಡೆಯ ಮೇಲಿಟ್ಟುಕೊಂಡೆ. ಹೆಬ್ಬೆರಳ ಮುಂದೆ ಒತ್ತಿ ನೋಡಿದೆ, ಅರ್ಧ ಬೆರಳು ಜಾಗ. ದಾರ ಕಟ್ಟಿದೆ. ಊರುಗೋಲು ಹಿಡಿದು ಕೋಣೆಯ ಆ ತುದಿಗೆ ಹೋಗಿ ಬಂದ.

“ಎಷ್ಟು ಸ್ವಾಮಿ?”

“ಕಂಪನಿ ಸ್ಯಾಂಪಲ್ಲು. ಫ್ರೀ.” ಇದಂತೂ ಸುಳ್ಳಲ್ಲ.

ದೊಡ್ಡ ಮೇಡಂ ಡಬ್ಬದೊಳಗೆ ಇಣುಕಿ, “ಇನ್ನೊಂದೆಲ್ಲಿ?” ಎಂದರು.

“ಜೋಡಿ ಒಳಗಿದೆ ಮೇಡಂ” ಎಂದುಬಿಟ್ಟೆ. ಇಪ್ಪತ್ತೆಂಟು ವರ್ಷದ ಚಾಳಿ.

ನೆಲ ಬಾಯಿ ಬಿಡಬಾರದೆ ಎನಿಸಿತು. ಡ್ರೈವರು ತನ್ನ ಖಾಲಿ ಪ್ಯಾಂಟಿನ ತುದಿ ನೋಡಿದ, ನನ್ನನ್ನು ನೋಡಿದ. ಆಮೇಲೆ ಬೆಂಚು ಕುಣಿಯುವ ಹಾಗೆ ನಗತೊಡಗಿದ. “ಒಳಗೇ ಇರ್ಲಿ ಬಿಡಿ ಸ್ವಾಮಿ, ಹೊರಗೆ ತಂದು ಏನ್ಮಾಡ್ಲಿ!” ಎಲ್ಲರೂ ನಕ್ಕರು. ನಾನೂ ನಕ್ಕೆ. ಕಣ್ಣಲ್ಲಿ ನೀರು ಬಂತು. ಅದು ನಗುವಿನದಲ್ಲ.

ಇನ್ನೂ ಎಂಟು ಜನಕ್ಕೆ ಬೇಕಂತೆ. ಹೋಗಿ ತಂದುಕೊಟ್ಟೆ. ಮೂಲೆಯಲ್ಲಿದ್ದ ಹೆಂಗಸೊಬ್ಬರು, “ಬಲಗಾಲಿಂದು ಇಲ್ವೇನಣ್ಣ?” ಎಂದು ಕೇಳಿದರು. ಇಲ್ಲಮ್ಮ ಎಂದೆ.

ಜೂನ್ ೨೮, ಶನಿವಾರ. ಬೆಳಿಗ್ಗೆ ೮

ಚಿನಕುರಳಿ ಬಾಗಿಲು ಬಡಿಯಲಿಲ್ಲ. ನೆಟ್ಟಗೆ ಬಂದು, ಆವತ್ತು ನಾನು ಕೆಳಕ್ಕೆಳೆದ ಬೆಡ್‌ಶೀಟು ಎತ್ತಿದಳು. ನಿನ್ನೆ ಕೇಂದ್ರದಲ್ಲಿ ಡ್ರೈವರು ಶೂ ತೋರಿಸಿ, ‘ನಿಮ್ಮ ಮಾವನಂತೆ, ಬಂಗಾರದಂಥ ಮನುಷ್ಯ’ ಎಂದನಂತೆ.

ಒಂದು ಡಬ್ಬ ತೆಗೆದಳು. ಇನ್ನೊಂದು. ಮತ್ತೊಂದು. “ಎಲ್ಲಾ ಎಡಾನಾ?” ನೆಲದ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಇದ್ದವಳು ತಟ್ಟನೆ ನಿಲ್ಲಿಸಿದಳು. ಅವಳಿಗೆ ಲೆಕ್ಕ ಹತ್ತಿದ್ದು ಆಗ.

“ಅಮ್ಮನ ದುಡ್ಡಲ್ಲಿ ತಗೊಂಡ್ಯಾ?”

ನಾನು ಬಿಚ್ಚಿದ ಡಬ್ಬಕ್ಕೆ ಮುಚ್ಚಳ ಹಾಕತೊಡಗಿದೆ.

“ಅದಕ್ಕೇನಾ ತೃಪ್ತಿ ನಾಲ್ಕು?”

ಬಯ್ದಿದ್ದರೆ ಆಗುತ್ತಿತ್ತು. ಇಷ್ಟು ಮೆತ್ತಗೆ ಕೇಳಬಾರದಿತ್ತು.

“ಎಷ್ಟು ಹೋಯ್ತು ಮಾವ?”

“ಸ್ವಲ್ಪ.”

“ಸ್ವಲ್ಪ ಅಂದ್ರೆ?”

“ಹತ್ತು ಸಾವಿರ.”

ನನ್ನ ಮುಖವನ್ನೇ ನೋಡಿದಳು. ನಂಬಲಿಲ್ಲ. ನೋಟ್‌ಬುಕ್ಕಿನಿಂದ ಆ ಮಾರ್ಕ್ಸಿನ ಹಾಳೆ ಹರಿದು ಮಂಚದ ಮೇಲಿಟ್ಟಳು.

“ದೊಡ್ಡ ಮೇಡಂನ ಕೇಳಿ ನೋಡ್ತೀನಿ. ಅರ್ಧ ಸೋಮವಾರ ಕಟ್ಟಿ ಇನ್ನರ್ಧ ಡಿಸೆಂಬರಿಗೆ ಅಂದ್ರೆ ಬಿಟ್ರೂ ಬಿಡ್ಬಹುದು. ಆದ್ರೆ ಕವರಲ್ಲಿ ನಿಜವಾಗ್ಲೂ ಎಷ್ಟಿದೆ ಅಂತ ಗೊತ್ತಾಗ್ಬೇಕು. ಇದರ ಹಿಂದೆ ಬರಿ. ನಂಗಲ್ಲ, ಅಮ್ಮಂಗೆ ಕೊಡು. ನೀನೇ ಕೊಡು.” ಬಾಗಿಲಲ್ಲಿ ತಿರುಗಿ, “ಮಾರ್ಕ್ಸೂ ಸರಿ ಮಾಡು” ಅಂದಳು.

ಜೂನ್ ೩೦, ಸೋಮವಾರ. ಬೆಳಿಗ್ಗೆ ೮.೪೦

ಕಾಲೇಜಿನ ಆಫೀಸು ಹತ್ತಕ್ಕೆ ತೆರೆಯುತ್ತದೆ. ಅಕ್ಕ ಒಂಬತ್ತಕ್ಕೆ ಇಲ್ಲಿ ಮನೆಗೇ ಬರುತ್ತಾಳೆ; ಅಂಗಡಿಗೆ ಅದಾದ ಮೇಲೆ. ಅರ್ಧ ಕಟ್ಟಿದರೆ ಸೀಟು ಉಳಿಸುತ್ತೇವೆ ಎಂದಿದ್ದಾರಂತೆ ದೊಡ್ಡ ಮೇಡಂ. ನಿನ್ನೆ ಯಜಮಾನರ ಮನೆಗೆ ಹೋಗಿ ಮುಂಗಡ ಕೇಳಿದೆ. “ಎಷ್ಟು ಬೇಕಯ್ಯ? ಯಾಕೆ? ಅದನ್ನ ಹೇಳು ಮೊದ್ಲು” ಎಂದರು. ತೊದಲಿದೆ. “ಸರಿಯಾಗಿ ಹೇಳೋದಾದ್ರೆ ನಾಳೆ ಅಂಗಡಿಗೆ ಬಾ, ಕೊಡ್ತೀನಿ. ಕತೆ ಹೇಳೋದಾದ್ರೆ ಬರ್ಬೇಡ” ಎಂದು ಒಳಗೆ ಹೋದರು. ಎಲ್ಲರೂ ಕೇಳುವುದು ಅದೊಂದನ್ನೇ.

ಹಾಳೆ ತೆಗೆದೆ. ಕಾಲಿನ ಕೋರ್ಸು: ಸಂಬಳ ಮೂರು, ಇರಲಿ, ಈಗ ಅಷ್ಟೇ. ಟೆನ್ಷನ್ನು ಒಂಬತ್ತು, ಅವಳೇ ಒಪ್ಪಿದ್ದಾಳೆ. ನಾಲ್ಕು ಹೊಡೆದು ಹಾಕಿದೆ. ಅಲ್ಲಿ ಬರೆಯುವ ಯೋಗ್ಯತೆ ನನಗಿಲ್ಲ, ಅವಳೇ ತುಂಬಿಕೊಳ್ಳಲಿ. ರಿಸೆಪ್ಷನ್ನಿನದು ನನಗೇನೂ ಗೊತ್ತಿಲ್ಲ, ಎಲ್ಲ ಅಳಿಸಿದೆ. ನನ್ನ ಕೆಲಸ: ಸಂಬಳ ಎಂಟು ಹೊಡೆದು ಎರಡು ಮಾಡಿದೆ. ಟೆನ್ಷನ್ನು, ದಿನಕ್ಕೆ ನಲವತ್ತು ಸಲ ಮಂಡಿಯೂರಿ ಏಳುವುದಕ್ಕೆ ಆರಾದರೂ ಕೊಡಬೇಕು. ತೃಪ್ತಿಯ ಹತ್ತು ಹೊಡೆಯಲು ಪೆನ್ನು ಇಟ್ಟೆ... ಆ ಅಜ್ಜಿ ಬಾಗಿಲಿಗೆ ಎರಡು ಸಲ ನಡೆದದ್ದು, ಡ್ರೈವರು ಆ ತುದಿಗೆ ಹೋಗಿ ಬಂದದ್ದು. ಹೊಡೆಯಲಿಲ್ಲ. ಹೇಳಿದ್ದರಲ್ಲಿ ಅದೊಂದು ನಿಜವಿತ್ತು.

ಹಾಳೆ ತಿರುಗಿಸಿದ್ದೇನೆ. ಹಿಂದೆ ಖಾಲಿ.

ಮೆಟ್ಟಿಲಿನ ಸದ್ದು. ಒಂದು ಹೆಜ್ಜೆ, ಸ್ವಲ್ಪ ತಡೆದು ಇನ್ನೊಂದು. ಅಕ್ಕನೇ. ‘ಕವರಲ್ಲಿ ಎಷ್ಟಿದೆಯೋ?’ ಎಂದು ಕೇಳುತ್ತಾಳೆ. ಈ ಪುಸ್ತಕದಲ್ಲೂ ಸುಳ್ಳೇ ಬರೆದೆ ಇಷ್ಟು ದಿನ. ಹತ್ತಲ್ಲ, ಮೂವತ್ತಲ್ಲ. ಐವತ್ತೆಂಟು ಸಾವಿರದ ನಾನೂರು. ಕವರಿನಲ್ಲಿ ಇದ್ದದ್ದೂ ಐವತ್ತೆಂಟು ಸಾವಿರದ ನಾನೂರೇ —